ಸುಳ್ಳು ಹೇಳುವ ಇಂಡೆಕ್ಸ್

ಡೇಟಾಬೇಸಿನ ಕಡತಗಳಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಬಳಕೆದಾರರು ಒಪ್ಪಿಸಿದ ಮಾಹಿತಿ ಒಂದು. ಅದನ್ನು ಬೇಗ ಹುಡುಕಿ ತೆಗೆಯುವುದಕ್ಕೆಂದು ಡೇಟಾಬೇಸ್ ತಾನಾಗಿ ಕಟ್ಟಿಕೊಂಡ ಮಾಹಿತಿ ಇನ್ನೊಂದು. ಮೊದಲನೆಯದು ಟೇಬಲ್ ಎಂಬ ಕೋಷ್ಟಕಗಳಲ್ಲಿ ಸಾಲುಸಾಲಾಗಿ ಕುಳಿತಿರುತ್ತದೆ. ಎರಡನೆಯದನ್ನು ಇಂಡೆಕ್ಸ್ ಎನ್ನುತ್ತಾರೆ. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಜೋಡಿಸಿದ ಪದಸೂಚಿ ಯಾವ ಪದ ಎಲ್ಲಿದೆ ಎಂದು ತಿಳಿಸುವಂತೆ, ಇಂಡೆಕ್ಸ್ ಕೂಡ ಯಾವ ಖಾತೆ ಸಂಖ್ಯೆಯ ಸಾಲು ಕಡತದ ಯಾವ ಜಾಗದಲ್ಲಿದೆ ಎಂಬುದನ್ನು ಕ್ರಮವಾಗಿ ಬರೆದಿಟ್ಟುಕೊಂಡಿರುತ್ತದೆ. ಇಂಡೆಕ್ಸ್ ಇಲ್ಲದಿದ್ದರೂ ಉತ್ತರ ಸಿಗುತ್ತದೆ, ಆದರೆ ಅದಕ್ಕಾಗಿ ಕೋಟ್ಯಂತರ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಇಂಡೆಕ್ಸಿನಲ್ಲಿರುವುದೆಲ್ಲ ಟೇಬಲಿನಿಂದ ಪಡೆದದ್ದೇ ಆದ್ದರಿಂದ, ಅದು ಕೆಟ್ಟರೆ ಟೇಬಲನ್ನು ಮತ್ತೊಮ್ಮೆ ಓದಿ ಹೊಸದಾಗಿ ಕಟ್ಟಬಹುದು. ಈ ಒಂದು ಗುಣದಿಂದಾಗಿ ಇಂಡೆಕ್ಸ್ ಕೆಡುವುದನ್ನು ಸಣ್ಣ ತೊಂದರೆಯೆಂದು ಬಗೆಯುವ ರೂಢಿ ಬೆಳೆದಿದೆ. ದುರಸ್ತಿಯ ಮಟ್ಟಿಗೆ ಈ ರೂಢಿ ಬಹುಪಾಲು ಸರಿ. ಕೆಟ್ಟಿದೆಯೆಂದು ತಿಳಿಯುವ ಮಟ್ಟಿಗೆ ಅದು ತಪ್ಪು, ಏಕೆಂದರೆ ಕೆಟ್ಟ ಇಂಡೆಕ್ಸ್ ಎಷ್ಟೋ ಸಂದರ್ಭಗಳಲ್ಲಿ ಕೆಲಸ ನಿಲ್ಲಿಸುವುದಿಲ್ಲ. ಇರುವ ಸಾಲನ್ನು ಇಲ್ಲವೆಂದು ಹೇಳುತ್ತ, ಎಂದಿನ ವೇಗದಲ್ಲೇ ಉತ್ತರ ಕೊಡುತ್ತಿರುತ್ತದೆ.

ಇದು ಹೇಗೆ ಸಾಧ್ಯ ಎಂಬುದು ಇಂಡೆಕ್ಸಿನ ಒಳರಚನೆಯನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಇಂದಿನ ಬಹುತೇಕ ಡೇಟಾಬೇಸುಗಳು ಬಳಸುವ ವಿನ್ಯಾಸಕ್ಕೆ ಬಿ-ಟ್ರೀ ಎಂದು ಹೆಸರು. ಇದನ್ನು 1970ರ ಸುಮಾರಿಗೆ ರೂಪಿಸಿದವರು ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್. ಬೇರು ಮೇಲೆ, ಎಲೆಗಳು ಕೆಳಗೆ ಇರುವ ಈ ಮರದ ಪ್ರತಿಯೊಂದು ಗಂಟೂ ಒಂದು ಪೇಜ್, ಅಂದರೆ ಡಿಸ್ಕಿನಿಂದ ಒಮ್ಮೆಗೆ ಓದುವ ನಿಶ್ಚಿತ ಗಾತ್ರದ ತುಂಡು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅದರ ಗಾತ್ರ ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಭಾಗದಲ್ಲಿ 16 ಕಿಲೋಬೈಟ್. ಒಂದು ಪೇಜಿನಲ್ಲಿ 300 ನಮೂದುಗಳು ಹಿಡಿಸುತ್ತವೆ ಎಂದಿಟ್ಟುಕೊಂಡರೆ ಮೂರು ಹಂತಗಳ ಮರ 2 ಕೋಟಿ 70 ಲಕ್ಷ ಸಾಲುಗಳನ್ನೂ, ನಾಲ್ಕು ಹಂತಗಳ ಮರ 810 ಕೋಟಿ ಸಾಲುಗಳನ್ನೂ ತಲುಪಬಲ್ಲದು. ನಾಲ್ಕೇ ಪೇಜುಗಳನ್ನು ಓದಿ ನೂರಾರು ಕೋಟಿ ಸಾಲುಗಳ ನಡುವಿನ ಒಂದನ್ನು ಹಿಡಿಯುವ ಈ ವೇಗಕ್ಕೆ ಒಂದು ಬೆಲೆಯಿದೆ: ಪ್ರತಿ ಗಂಟಿನಲ್ಲಿಯೂ ಹುಡುಕಾಟ ಒಂದು ಕವಲನ್ನು ಆರಿಸಿಕೊಳ್ಳುತ್ತದೆ, ಬಿಟ್ಟ ಕವಲುಗಳತ್ತ ಮತ್ತೆ ಕಣ್ಣು ಹಾಯಿಸುವುದಿಲ್ಲ. ಮೇಲಿನ ಹಂತದ ಒಂದು ನಮೂದು ತನ್ನ ಕ್ರಮದಿಂದ ತಪ್ಪಿದ್ದರೆ ಅದರ ಕೆಳಗಿನ ಸಾವಿರಾರು ಸಾಲುಗಳು ಟೇಬಲಿನಲ್ಲಿ ಭದ್ರವಾಗಿದ್ದೂ ಹುಡುಕುವವರ ಪಾಲಿಗೆ ಇಲ್ಲವಾಗುತ್ತವೆ. ಕ್ರಮ ಸರಿಯಿದೆಯೆಂಬುದು ಬಿ-ಟ್ರೀಯ ನಂಬಿಕೆ. ಪ್ರತಿ ಸಲ ಅದನ್ನು ಪರೀಕ್ಷಿಸುತ್ತ ಕುಳಿತರೆ ಇಂಡೆಕ್ಸ್ ಇಟ್ಟುಕೊಂಡ ಉದ್ದೇಶವೇ ವ್ಯರ್ಥವಾಗುತ್ತದೆ.

ಹೊಸ ಸಾಲುಗಳು ಸೇರುತ್ತ ಹೋದಂತೆ ಪೇಜುಗಳು ತುಂಬುತ್ತವೆ. ತುಂಬಿದ ಪೇಜು ಎರಡಾಗಿ ಒಡೆಯಬೇಕು, ಅರ್ಧದಷ್ಟು ನಮೂದುಗಳು ಹೊಸ ಪೇಜಿಗೆ ಹೋಗಬೇಕು, ಅಕ್ಕಪಕ್ಕದ ಪೇಜುಗಳ ಕೊಂಡಿಗಳು ಬದಲಾಗಬೇಕು, ಮೇಲಿನ ಹಂತದ ತಾಯಿ ಪೇಜಿನಲ್ಲಿ ಹೊಸ ಪೇಜಿನ ವಿಳಾಸ ಸೇರಬೇಕು. ಹೀಗೆ ಒಂದೇ ಸಾಲನ್ನು ಸೇರಿಸುವ ಕ್ರಿಯೆಯಲ್ಲಿ ಮೂರು, ನಾಲ್ಕು ಪೇಜುಗಳು ಒಟ್ಟಿಗೆ ಬದಲಾಗುವ ಕ್ಷಣವೇ ಇಂಡೆಕ್ಸಿನ ಪಾಲಿಗೆ ಅತ್ಯಂತ ನಾಜೂಕಿನದು. ಈ ಪೇಜುಗಳಲ್ಲಿ ಎರಡು ಡಿಸ್ಕಿಗೆ ತಲುಪಿ ಉಳಿದವು ತಲುಪುವ ಮೊದಲೇ ವಿದ್ಯುತ್ ಹೋದರೆ ಮರದ ಒಂದು ಕೊಂಬೆ ತಾಯಿಯಿಂದ ಕಳಚಿಕೊಂಡಂತಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಒಂದಿದೆ. ಡಿಸ್ಕು ಅಖಂಡವಾಗಿ ಬರೆಯುವ ಘಟಕದ ಗಾತ್ರ 512 ಅಥವಾ 4096 ಬೈಟುಗಳಷ್ಟೇ ಆಗಿರುವುದರಿಂದ 8192 ಬೈಟುಗಳ ಪೇಜು ಬರೆಯುವಾಗ ಯಂತ್ರ ನಿಂತರೆ ಅದರ ಮೊದಲರ್ಧ ಹೊಸದಾಗಿಯೂ ಉಳಿದರ್ಧ ಹಳೆಯದಾಗಿಯೂ ಉಳಿಯಬಹುದು. ಇಂಥದ್ದನ್ನು ಹರಿದ ಪೇಜು ಎನ್ನುತ್ತಾರೆ.

ಈ ಅಪಾಯಗಳಾವುವೂ ಡೇಟಾಬೇಸ್ ಕಟ್ಟಿದವರಿಗೆ ಹೊಸತಲ್ಲ. ಬದಲಾವಣೆಯನ್ನು ಮೂಲ ಪೇಜಿನಲ್ಲಿ ಬರೆಯುವ ಮೊದಲು ಅದರ ವಿವರವನ್ನು ಲಾಗ್ ಎಂಬ ದಿನಚರಿ ಕಡತದಲ್ಲಿ ಬರೆದು ಡಿಸ್ಕಿಗೆ ತಲುಪಿಸಿಯೇ ಮುಂದುವರಿಯಬೇಕು ಎಂಬ ನಿಯಮ ಇದಕ್ಕೆ ಉತ್ತರವಾಗಿ ಬಂದಿತು. ಈ ವಿಧಾನವನ್ನು ಸಮಗ್ರವಾಗಿ ನಿರೂಪಿಸಿದ, ಏರೀಸ್ ಎಂದು ಹೆಸರಾದ ಪ್ರಬಂಧ 1992ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಲೇಖಕರು ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸಂಸ್ಥೆಯ ಆಲ್ಮಡೆನ್ ಸಂಶೋಧನಾಲಯದಲ್ಲಿ ಕೆಲಸ ಮಾಡಿದ ಸಿ. ಮೋಹನ್. ಯಂತ್ರ ಮತ್ತೆ ಎದ್ದಾಗ ಡೇಟಾಬೇಸ್ ಕೊನೆಯ ಚೆಕ್‌ಪಾಯಿಂಟಿನಿಂದ, ಅಂದರೆ ಎಲ್ಲ ಬದಲಾವಣೆಗಳೂ ಡಿಸ್ಕು ಸೇರಿದ್ದವೆಂದು ಗುರುತು ಹಾಕಿದ ಹಂತದಿಂದ, ಲಾಗನ್ನು ಓದುತ್ತ ಪ್ರತಿ ಬದಲಾವಣೆಯನ್ನೂ ಮತ್ತೊಮ್ಮೆ ನಡೆಸುತ್ತದೆ. ಹರಿದ ಪೇಜಿನ ಸಮಸ್ಯೆಗೆ ಪೋಸ್ಟ್‌ಗ್ರೆಸ್ ಕಂಡುಕೊಂಡ ಪರಿಹಾರವೆಂದರೆ ಚೆಕ್‌ಪಾಯಿಂಟಿನ ಬಳಿಕ ಒಂದು ಪೇಜು ಮೊದಲ ಸಲ ಬದಲಾದಾಗ ಆ ಇಡೀ ಪೇಜಿನ ಪ್ರತಿಯನ್ನೇ ಲಾಗಿನಲ್ಲಿ ಬರೆದಿಡುವುದು. ಇನ್ನೋಡಿಬಿ ಪ್ರತಿ ಪೇಜನ್ನೂ ಮೊದಲು ಬೇರೊಂದು ಕಾಯ್ದಿಟ್ಟ ಜಾಗದಲ್ಲಿ, ಆಮೇಲೆ ಅದರ ಸ್ವಂತ ಜಾಗದಲ್ಲಿ ಎರಡು ಸಲ ಬರೆಯುತ್ತದೆ. ಬಿ-ಟ್ರೀಯ ಒಡೆಯುವಿಕೆ ಅರ್ಧದಲ್ಲಿ ನಿಂತರೂ ಹುಡುಕಾಟ ದಾರಿ ತಪ್ಪದಂತೆ ಪ್ರತಿ ಪೇಜಿನಿಂದ ಅದರ ಬಲಗಡೆಯ ಪೇಜಿಗೆ ಕೊಂಡಿ ಇರಿಸುವ ಉಪಾಯವನ್ನು ಫಿಲಿಪ್ ಲೇಮನ್ ಮತ್ತು ಬಿಂಗ್ ಯಾವೊ 1981ರಲ್ಲಿಯೇ ಸೂಚಿಸಿದ್ದರು. ಪೋಸ್ಟ್‌ಗ್ರೆಸ್‌ನ ಬಿ-ಟ್ರೀ ನಿಂತಿರುವುದು ಅದರ ಮೇಲೆಯೇ.

ಇಷ್ಟೆಲ್ಲ ಏರ್ಪಾಡುಗಳ ಬಳಿಕ, ಕ್ರ್ಯಾಶ್ ಆದ ಯಂತ್ರ ಮೇಲೆದ್ದಾಗ ಇಂಡೆಕ್ಸುಗಳನ್ನು ದುರಸ್ತಿ ಮಾಡುವ ಅಗತ್ಯವೇ ಬೀಳಬಾರದು. ತತ್ತ್ವತಃ ಇದು ನಿಜ. ಹಿಂದೆ ಹಾಗಿರಲಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ 5.5ನೇ ಆವೃತ್ತಿಗೆ ಮೊದಲು ಪೂರ್ವನಿಯೋಜಿತವಾಗಿದ್ದ ಮೈಐಸ್ಯಾಮ್ ಎಂಬ ವ್ಯವಸ್ಥೆಗೆ ಇಂಥ ಲಾಗ್ ಇರಲಿಲ್ಲ. ವಿದ್ಯುತ್ ಹೋಗಿ ಬಂದರೆ ಟೇಬಲಿಗೆ ಕ್ರ್ಯಾಶ್ ಆದ ಗುರುತು ಬಿದ್ದು, ರಿಪೇರ್ ಟೇಬಲ್ ಎಂಬ ಆದೇಶದಿಂದ ಇಂಡೆಕ್ಸ್ ಕಡತವನ್ನು ಮರಳಿ ಕಟ್ಟುವುದು ಆ ಕಾಲದ ನಿರ್ವಾಹಕರ ನಿತ್ಯಕರ್ಮವೇ ಆಗಿತ್ತು. ಪೋಸ್ಟ್‌ಗ್ರೆಸ್‌ನ ಹ್ಯಾಶ್ ಮಾದರಿಯ ಇಂಡೆಕ್ಸುಗಳು ಕೂಡ 2017ರ 10ನೇ ಆವೃತ್ತಿಯವರೆಗೆ ಲಾಗಿನ ರಕ್ಷಣೆಯಿಂದ ಹೊರಗೇ ಇದ್ದವು. ಅವು ಕಳೆದ ಮಾತು. ಇಂದು ಕ್ರ್ಯಾಶ್ ಆದ ಬಳಿಕ ಬಿ-ಟ್ರೀ ಇಂಡೆಕ್ಸ್ ಕೆಟ್ಟಿದೆಯೆಂದರೆ ಮೇಲೆ ಹೇಳಿದ ಸರಪಳಿಯ ಯಾವುದೋ ಒಂದು ಕೊಂಡಿ ಕೊಟ್ಟ ಮಾತಿಗೆ ತಪ್ಪಿದೆ ಎಂದೇ ಅರ್ಥ. ಇಂಡೆಕ್ಸನ್ನು ಮರಳಿ ಕಟ್ಟಿ ಕೈತೊಳೆದುಕೊಳ್ಳುವವರು ಈ ಅರ್ಥವನ್ನು ಗಮನಿಸದೆ ಹೋಗುತ್ತಾರೆ. ಆ ಕೊಂಡಿ ಹಾಗೆಯೇ ಉಳಿದಿರುತ್ತದೆ, ಮುಂದಿನ ಸಲ ಅದು ಕೆಡಿಸುವುದು ಮರಳಿ ಕಟ್ಟಲಾಗದ ಟೇಬಲನ್ನೇ ಇರಬಹುದು.

ಮಾತು ತಪ್ಪುವವರಲ್ಲಿ ಮೊದಲ ಹೆಸರು ಡಿಸ್ಕಿನದು. ಎಫ್‌ಸಿಂಕ್ ಎಂಬ ಕರೆಯ ಮೂಲಕ ಡೇಟಾಬೇಸ್ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುವುದು ಒಂದೇ ಪ್ರಶ್ನೆ: ಬರೆದದ್ದು ನಿಜವಾಗಿ ಶಾಶ್ವತ ಸಂಗ್ರಹಕ್ಕೆ ತಲುಪಿತೇ? ಡಿಸ್ಕಿನೊಳಗಿನ ತಾತ್ಕಾಲಿಕ ನೆನಪಿಗೆ ತಲುಪಿದೊಡನೆಯೇ ಹೌದೆಂದು ಉತ್ತರಿಸುವ, ಆದರೆ ವಿದ್ಯುತ್ ಹೋದಾಗ ಆ ನೆನಪನ್ನು ಉಳಿಸಿಕೊಳ್ಳಲು ಬ್ಯಾಟರಿಯಾಗಲಿ ಕೆಪಾಸಿಟರ್ ಆಗಲಿ ಇಲ್ಲದ ಸಾಧನಗಳು ಇವೆ. ಇಂಥ ಡಿಸ್ಕಿನ ಮೇಲೆ ಲಾಗಿನ ನಿಯಮ ಕಾಗದದ ನಿಯಮವಾಗಿಯೇ ಉಳಿಯುತ್ತದೆ, ಏಕೆಂದರೆ ಲಾಗ್ ಮೊದಲು, ಪೇಜು ಆಮೇಲೆ ಎಂಬ ಕ್ರಮವನ್ನು ಡಿಸ್ಕು ತನಗೆ ತಿಳಿದಂತೆ ಅದಲುಬದಲು ಮಾಡಿರುತ್ತದೆ. ಲಿನಕ್ಸ್ ಕೂಡ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಾಗಿರಲಿಲ್ಲ ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗದಲ್ಲಿ ನಡೆದ ಚರ್ಚೆಯಿಂದ ಹೊರಬಿತ್ತು. ಡಿಸ್ಕಿಗೆ ಬರೆಯುವಾಗ ದೋಷವಾದರೆ ಲಿನಕ್ಸ್ ಅದನ್ನು ಎಫ್‌ಸಿಂಕ್ ಕರೆದವರಿಗೆ ಒಮ್ಮೆ ತಿಳಿಸಿ, ಬರೆಯಲಾಗದೆ ಉಳಿದ ಪೇಜನ್ನು ಬರೆದಾಯಿತೆಂದೇ ಗುರುತಿಸುತ್ತಿತ್ತು. ಡೇಟಾಬೇಸ್ ಮತ್ತೊಮ್ಮೆ ಎಫ್‌ಸಿಂಕ್ ಕರೆದರೆ ಈ ಸಲ ಯಶಸ್ಸಿನ ಉತ್ತರ ಬರುತ್ತಿತ್ತು. ವಿಫಲವಾದ ಕೆಲಸವನ್ನು ಮತ್ತೆ ಪ್ರಯತ್ನಿಸುವುದು ಸಹಜವಾದ ವಿವೇಕವೆಂದು ನಂಬಿದ್ದ ಪೋಸ್ಟ್‌ಗ್ರೆಸ್, ಎರಡನೆಯ ಸಲ ಸಿಕ್ಕ ಯಶಸ್ಸನ್ನು ನಂಬಿ ಚೆಕ್‌ಪಾಯಿಂಟ್ ಗುರುತು ಹಾಕಿ, ಆ ಬದಲಾವಣೆಗಳ ಲಾಗನ್ನು ಇನ್ನು ಬೇಡವೆಂದು ಕೈಬಿಡುವ ಸಾಧ್ಯತೆ ಇತ್ತು. 2019ರ ಫೆಬ್ರವರಿಯ ಪರಿಷ್ಕರಣೆಗಳಿಂದೀಚೆಗೆ ಎಫ್‌ಸಿಂಕ್ ವಿಫಲವಾದರೆ ಪೋಸ್ಟ್‌ಗ್ರೆಸ್ ಮರುಪ್ರಯತ್ನಕ್ಕೆ ಹೋಗದೆ ತಾನಾಗಿಯೇ ಕುಸಿದು ಲಾಗಿನಿಂದ ಚೇತರಿಸಿಕೊಳ್ಳುತ್ತದೆ. ಇಂಡೆಕ್ಸನ್ನು ಉಳಿಸಲು ಕ್ರ್ಯಾಶನ್ನೇ ಆರಿಸಿಕೊಳ್ಳುವ ಈ ನಡೆ ವಿಚಿತ್ರವಾಗಿ ಕಂಡರೂ, ಅದಕ್ಕಿಂತ ಪ್ರಾಮಾಣಿಕವಾದ ದಾರಿ ಅಲ್ಲಿ ಉಳಿದಿರಲಿಲ್ಲ.

ಎರಡನೆಯ ಹೆಸರು ಮನುಷ್ಯರದು. ವೇಗ ಹೆಚ್ಚಲೆಂದು ಎಫ್‌ಸಿಂಕ್ ಅಥವಾ ಪೂರ್ಣ ಪೇಜಿನ ಪ್ರತಿ ಬರೆಯುವ ಏರ್ಪಾಡನ್ನು ನಿಲ್ಲಿಸಿಬಿಡುವುದು, ಚಾಲನೆಯಲ್ಲಿರುವ ಡೇಟಾಬೇಸಿನ ಕಡತಗಳನ್ನು ವಿಧಿವತ್ತಾದ ಬ್ಯಾಕಪ್ ಕ್ರಮವಿಲ್ಲದೆ ನಕಲು ಮಾಡಿ ಅದನ್ನೇ ಬ್ಯಾಕಪ್ ಎಂದು ನಂಬುವುದು, ಕ್ರ್ಯಾಶ್ ಬಳಿಕ ಸರ್ವರ್ ಏಳದಿದ್ದಾಗ ಅದರ ಬೀಗದ ಕಡತವನ್ನು ಅಳಿಸಿ ಒಂದೇ ಡೇಟಾ ಕೋಶದ ಮೇಲೆ ಎರಡು ಸರ್ವರುಗಳನ್ನು ಓಡಿಸಿಬಿಡುವುದು, ಇವೆಲ್ಲ ಇಂಡೆಕ್ಸ್ ಕೆಡಿಸುವ ಪರಿಚಿತ ದಾರಿಗಳು. ಇವುಗಳಲ್ಲಿ ಅತ್ಯಂತ ದುಬಾರಿಯಾದದ್ದು ಪಿಜಿ-ರೀಸೆಟ್‌ವಾಲ್ ಎಂಬ ಉಪಕರಣದ ದುಡುಕಿನ ಬಳಕೆ. ಲಾಗನ್ನು ಕತ್ತರಿಸಿ ಹಾಕಿ ಸರ್ವರನ್ನು ಹೇಗಾದರೂ ಎಬ್ಬಿಸುವ ಈ ಉಪಕರಣ ಕೊನೆಯ ಉಪಾಯವಾಗಿ ಇರುವಂಥದ್ದು. ಅದನ್ನು ಬಳಸಿದ ಮರುಕ್ಷಣದಿಂದ ಯಾವ ಪೇಜು ಯಾವ ಕಾಲದ್ದೆಂಬುದಕ್ಕೆ ಖಾತರಿ ಉಳಿಯುವುದಿಲ್ಲ, ಮಾಹಿತಿಯನ್ನು ಹೊರತೆಗೆದು ಹೊಸ ಡೇಟಾಬೇಸಿಗೆ ತುಂಬುವುದೊಂದೇ ಮುಂದಿನ ದಾರಿ.

ಕ್ರ್ಯಾಶಿನ ಮೇಲೆ ಸುಮ್ಮನೆ ತಪ್ಪು ಹೊರಿಸುವ ಸಂದರ್ಭಗಳೂ ಇವೆ. ಯಂತ್ರ ಮೇಲೆದ್ದ ಬಳಿಕ ಇಂಡೆಕ್ಸ್ ಕೆಟ್ಟಿರುವುದು ಕಂಡರೆ ಕ್ರ್ಯಾಶಿನಿಂದಲೇ ಹೀಗಾಯಿತೆಂದು ತೀರ್ಮಾನಿಸುವುದು ಸುಲಭ, ಆದರೆ ಮರುಚಾಲನೆಯ ಹೊತ್ತಿನಲ್ಲಿಯೇ ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ ಜಾರಿಗೆ ಬಂದಿರಬಹುದು. ಪದಗಳ ಕ್ರಮವನ್ನು ನಿರ್ಧರಿಸುವ ನಿಯಮಪಟ್ಟಿಯನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಎಂಬ ಮೂಲ ಗ್ರಂಥಾಲಯದಿಂದ ಎರವಲು ಪಡೆಯುತ್ತದೆ. 2018ರ ಆಗಸ್ಟಿನಲ್ಲಿ ಬಿಡುಗಡೆಯಾದ ಅದರ 2.28ನೇ ಆವೃತ್ತಿಯಲ್ಲಿ ಈ ನಿಯಮಗಳು ವ್ಯಾಪಕವಾಗಿ ಬದಲಾದವು. ಅಮೆರಿಕನ್ ಇಂಗ್ಲಿಷಿನ ನಿಯಮದಡಿ ಹಿಂದೆ 11 ಎಂಬುದರ ನಂತರ ಬರುತ್ತಿದ್ದ 1-1 ಎಂಬ ನಮೂದು ಆ ಬಳಿಕ ಅದರ ಮೊದಲು ಬರತೊಡಗಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಒಂದು ಬೈಟು ಕೂಡ ಬದಲಾಗದಿದ್ದರೂ ಇಡೀ ಇಂಡೆಕ್ಸ್ ತಪ್ಪು ಹೇಳತೊಡಗುತ್ತದೆ. ಊರಿನ ಹೆಸರು, ವ್ಯಕ್ತಿಯ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಟ್ಟುಕೊಂಡ ಡೇಟಾಬೇಸುಗಳಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಅನುಸ್ವಾರ ಎಲ್ಲಿ ಬರಬೇಕು, ಒತ್ತಕ್ಷರ ಎಲ್ಲಿ ಬರಬೇಕು ಎಂಬುದು ಕೂಡ ಇಂಥದೇ ನಿಯಮಪಟ್ಟಿಯ ಮಾತು. ಅಂಕಿ ಮತ್ತು ದಿನಾಂಕಗಳ ಇಂಡೆಕ್ಸುಗಳು ಸರಿಯಿದ್ದು ಪಠ್ಯದ ಇಂಡೆಕ್ಸುಗಳು ಮಾತ್ರ ಕೆಟ್ಟಿವೆಯೆಂದರೆ ಅನುಮಾನ ಮೊದಲು ಇಲ್ಲಿಗೇ ಬರಬೇಕು.

ಕೆಟ್ಟ ಇಂಡೆಕ್ಸ್ ಕೆಲವೊಮ್ಮೆ ಗಟ್ಟಿಯಾಗಿಯೇ ದೂರುತ್ತದೆ. ಇಂಥ ಬ್ಲಾಕಿನಲ್ಲಿ ಅನಿರೀಕ್ಷಿತವಾದ ಸೊನ್ನೆ ಪೇಜಿದೆ, ಬಲಗಡೆಯ ಪೇಜಿನ ಎಡಕೊಂಡಿ ಹೊಂದುವುದಿಲ್ಲ ಎಂಬಂಥ ಸಂದೇಶಗಳು ಸರ್ವರಿನ ದಾಖಲೆಯಲ್ಲಿ ಕಂಡರೆ ಅದು ಅದೃಷ್ಟವೆಂದೇ ಹೇಳಬೇಕು. ಮೌನವಾಗಿ ಕೆಟ್ಟ ಇಂಡೆಕ್ಸಿನ ಲಕ್ಷಣಗಳು ಬೇರೆ. ಒಂದೇ ಟೇಬಲಿನ ಸಾಲುಗಳನ್ನು ಎರಡು ವಿಧದಲ್ಲಿ ಎಣಿಸಿದರೆ ಎರಡು ಉತ್ತರಗಳು ಬರುತ್ತವೆ; ಪಟ್ಟಿಯಲ್ಲಿ ಕಾಣುವ ಗ್ರಾಹಕನನ್ನು ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಇನ್ನೂ ಕೆಟ್ಟ ಸ್ಥಿತಿಯೆಂದರೆ, ಅಳಿಸಿಹೋದ ಸಾಲಿನ ನಮೂದು ಇಂಡೆಕ್ಸಿನಲ್ಲಿ ಹಾಗೆಯೇ ಉಳಿದು, ಆ ಸಾಲಿದ್ದ ಜಾಗದಲ್ಲಿ ಸಂಬಂಧವೇ ಇಲ್ಲದ ಹೊಸ ಸಾಲು ಬಂದು ಕುಳಿತಿರುವುದು. ಆಗ ಒಬ್ಬರ ಖಾತೆಯನ್ನು ಕೇಳಿದವರಿಗೆ ಇನ್ನೊಬ್ಬರ ಖಾತೆಯ ವಿವರ ಬರುತ್ತದೆ, ಏಕೆಂದರೆ ಬಿ-ಟ್ರೀ ತೋರಿಸಿದ ಸಾಲು ಕೇಳಿದ್ದಕ್ಕೆ ಹೊಂದುತ್ತದೆಯೇ ಎಂದು ಪೋಸ್ಟ್‌ಗ್ರೆಸ್ ಮತ್ತೆ ಪರೀಕ್ಷಿಸುವುದಿಲ್ಲ.

ಹಾನಿ ಇಂಡೆಕ್ಸಿನಿಂದ ಟೇಬಲಿಗೆ ಹರಿಯುವುದೂ ಇಲ್ಲಿಂದಲೇ. ಒಂದು ಸಂಖ್ಯೆಗೆ ಒಂದೇ ಸಾಲು ಇರಬೇಕೆಂಬ ನಿಯಮವನ್ನು ಡೇಟಾಬೇಸ್ ಕಾಯುವುದು ಇಂಡೆಕ್ಸನ್ನು ಕೇಳಿಯೇ. ಹೊಸ ಸಾಲು ಬಂದಾಗ ಇದೇ ಸಂಖ್ಯೆ ಮೊದಲೇ ಇದೆಯೇ ಎಂದು ಇಂಡೆಕ್ಸನ್ನು ವಿಚಾರಿಸುತ್ತದೆ, ಕೆಟ್ಟ ಇಂಡೆಕ್ಸ್ ಇಲ್ಲವೆನ್ನುತ್ತದೆ, ಎರಡನೆಯ ಸಾಲು ಟೇಬಲಿನೊಳಗೆ ಸೇರಿಬಿಡುತ್ತದೆ. ಟೇಬಲುಗಳ ನಡುವಿನ ಸಂಬಂಧವನ್ನು ಕಾಯುವ ನಿಯಮಗಳದೂ ಇದೇ ಪಾಡು: ಗ್ರಾಹಕನ ಸಾಲನ್ನು ಅಳಿಸುವಾಗ ಅವನ ಹೆಸರಿನಲ್ಲಿ ಸಾಲದ ದಾಖಲೆಗಳಿವೆಯೇ ಎಂದು ಕೇಳಿದರೆ ಇಂಡೆಕ್ಸ್ ಇಲ್ಲವೆನ್ನಬಹುದು, ಆಗ ಸಾಲ ಉಳಿದು ಸಾಲಗಾರ ಕಾಣೆಯಾಗುತ್ತಾನೆ. ಆದ್ದರಿಂದ ಕೆಟ್ಟ ಇಂಡೆಕ್ಸ್ ಪತ್ತೆಯಾಗದೆ ಕಳೆಯುವ ಒಂದೊಂದು ದಿನವೂ, ಮರಳಿ ಕಟ್ಟಬಹುದಾದ ತಪ್ಪನ್ನು ಮರಳಿ ಕಟ್ಟಲಾಗದ ತಪ್ಪಾಗಿ ಬದಲಾಯಿಸುತ್ತ ಹೋಗುತ್ತದೆ. ಇಂಡೆಕ್ಸ್ ಕೆಡುವುದನ್ನು ಸಣ್ಣ ತೊಂದರೆಯೆನ್ನುವವರು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಈ ಕಾಲದ ಅಂಶವನ್ನು.

ಪತ್ತೆಯ ಕೆಲಸಕ್ಕೆ ತೊಡಗುವ ಮೊದಲು ಮಾಡಬೇಕಾದದ್ದು ಸರ್ವರನ್ನು ನಿಲ್ಲಿಸಿ ಇಡೀ ಡೇಟಾ ಕೋಶವನ್ನು, ಲಾಗ್ ಕಡತಗಳ ಸಮೇತ, ಬೇರೊಂದು ಡಿಸ್ಕಿಗೆ ಇದ್ದಂತೆಯೇ ನಕಲು ಮಾಡಿಕೊಳ್ಳುವುದು. ಸೇವೆ ನಿಂತು ಜನ ಕಾಯುತ್ತಿರುವಾಗ ಈ ಗಂಟೆ, ಎರಡು ಗಂಟೆಯ ವಿಳಂಬ ಅಸಹನೀಯವೆನಿಸಬಹುದು. ಆದರೆ ದುರಸ್ತಿಯ ಪ್ರಯತ್ನಗಳೇ ಹಾನಿಯನ್ನು ಹೆಚ್ಚಿಸುವ ಸಾಧ್ಯತೆ ಇರುವುದರಿಂದಲೂ, ಮರಳಿ ಕಟ್ಟಿದ ಮೇಲೆ ಹಳೆಯ ಇಂಡೆಕ್ಸ್ ಕಡತ ಅಳಿದು ಕಾರಣ ಹುಡುಕಲು ಸಾಕ್ಷ್ಯವೇ ಉಳಿಯದಿರುವುದರಿಂದಲೂ ಇದನ್ನು ಬಿಡುವಂತಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಪತ್ತೆಗೆ ಇರುವ ಮುಖ್ಯ ಸಾಧನ ಆಮ್‌ಚೆಕ್ ಎಂಬ ವಿಸ್ತರಣೆ. ಇದನ್ನು ಬರೆದವರು ಪೀಟರ್ ಗೇಗನ್, ಇದು ಪೋಸ್ಟ್‌ಗ್ರೆಸ್ ಜೊತೆಗೇ ಬರತೊಡಗಿದ್ದು 2017ರಿಂದ. ಇದರ ಸರಳ ಪರೀಕ್ಷೆ ಇಂಡೆಕ್ಸಿನ ಪ್ರತಿ ಹಂತದಲ್ಲಿಯೂ ಎಡದಿಂದ ಬಲಕ್ಕೆ ನಡೆಯುತ್ತ ನಮೂದುಗಳು ಕ್ರಮದಲ್ಲಿವೆಯೇ, ಅಕ್ಕಪಕ್ಕದ ಕೊಂಡಿಗಳು ಪರಸ್ಪರ ಹೊಂದುತ್ತವೆಯೇ ಎಂದು ನೋಡುತ್ತದೆ. ಆ ಹೊತ್ತಿನಲ್ಲಿ ಓದುವವರಿಗಾಗಲಿ ಬರೆಯುವವರಿಗಾಗಲಿ ಅಡ್ಡಿಯಾಗುವುದಿಲ್ಲ. ಇನ್ನೊಂದು ಪರೀಕ್ಷೆ ಪ್ರತಿ ತಾಯಿ ಪೇಜು ತನ್ನ ಮಕ್ಕಳ ಬಗ್ಗೆ ಹೇಳುವ ಮಾತು ನಿಜವೇ ಎಂದೂ ನೋಡುತ್ತದೆ, ಆದರೆ ಅದು ಮುಗಿಯುವವರೆಗೆ ಟೇಬಲಿಗೆ ಏನನ್ನೂ ಬರೆಯುವಂತಿಲ್ಲ. ಈ ಎರಡೂ ಇಂಡೆಕ್ಸನ್ನು ಅದರ ಪಾಡಿಗೆ ಅದನ್ನು ಇಟ್ಟುಕೊಂಡು ನೋಡುವ ಪರೀಕ್ಷೆಗಳು. ಕ್ರಮಬದ್ಧವಾಗಿದ್ದೂ ಅಪೂರ್ಣವಾಗಿರುವ ಇಂಡೆಕ್ಸ್ ಇವುಗಳಿಂದ ಪಾರಾಗುತ್ತದೆ. ಹಾಗಾಗಿ 11ನೇ ಆವೃತ್ತಿಯಲ್ಲಿ ಟೇಬಲಿನ ಪ್ರತಿ ಸಾಲಿಗೂ ಇಂಡೆಕ್ಸಿನಲ್ಲಿ ನಮೂದಿದೆಯೇ ಎಂದು ತಾಳೆ ನೋಡುವ ಸೌಲಭ್ಯ ಸೇರಿತು. ಕೋಟ್ಯಂತರ ನಮೂದುಗಳನ್ನು ನೆನಪಿನಲ್ಲಿ ಇಡುವುದು ದುಬಾರಿಯಾದ್ದರಿಂದ ಅದು ಬ್ಲೂಮ್ ಫಿಲ್ಟರ್ ಎಂಬ ಸಾರಾಂಶ ರಚನೆಯನ್ನು ಬಳಸುತ್ತದೆ. ಒಂದು ಸಾಲಿಗೆ ಸುಮಾರು 2 ಬೈಟುಗಳಷ್ಟು ಜಾಗ ಕೊಟ್ಟರೆ ಕಾಣೆಯಾದ ಒಂದು ನಮೂದು ಕಣ್ತಪ್ಪಿ ಹೋಗುವ ಸಾಧ್ಯತೆ ಶೇಕಡ 2ನ್ನು ಮೀರುವುದಿಲ್ಲ. ಹಲವು ನಮೂದುಗಳು ಕಾಣೆಯಾಗಿದ್ದರೆ ಅವೆಲ್ಲವೂ ಒಟ್ಟಿಗೆ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಅಸಂಭವ. ಡೇಟಾಬೇಸಿನ ಎಲ್ಲ ಟೇಬಲು, ಇಂಡೆಕ್ಸುಗಳನ್ನೂ ಒಂದೇ ಆದೇಶದಲ್ಲಿ ಪರೀಕ್ಷಿಸುವ ಪಿಜಿ-ಆಮ್‌ಚೆಕ್ ಉಪಕರಣ 2021ರ 14ನೇ ಆವೃತ್ತಿಯಲ್ಲಿ ಬಂದಿತು.

ಚೆಕ್‌ಸಮ್ ಎಂಬ ಇನ್ನೊಂದು ರಕ್ಷಣೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ಪ್ರತಿ ಪೇಜಿನ ಬೈಟುಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯನ್ನು ಆ ಪೇಜಿನಲ್ಲಿಯೇ ಬರೆದಿಟ್ಟು, ಮುಂದೆ ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುವ ಈ ಏರ್ಪಾಡು ಪೋಸ್ಟ್‌ಗ್ರೆಸ್‌ಗೆ 2013ರಲ್ಲಿ ಬಂದಿತು, 2025ರ 18ನೇ ಆವೃತ್ತಿಯಿಂದ ಹೊಸ ಡೇಟಾಬೇಸುಗಳಲ್ಲಿ ತಾನಾಗಿಯೇ ಜಾರಿಯಲ್ಲಿರುತ್ತದೆ. ಬರೆದ ಪೇಜಿನ ಬೈಟುಗಳು ಡಿಸ್ಕಿನಲ್ಲಿ ಬದಲಾಗಿದ್ದರೆ ಚೆಕ್‌ಸಮ್ ಅದನ್ನು ಹಿಡಿಯುತ್ತದೆ. ಆದರೆ ಬರೆಯದೆಯೇ ಉಳಿದ ಪೇಜಿನ ಹಳೆಯ ಪ್ರತಿಗೂ ಅದರದೇ ಆದ ಸರಿಯಾದ ಚೆಕ್‌ಸಮ್ ಇರುತ್ತದೆ, ನಿಯಮಪಟ್ಟಿ ಬದಲಾಗಿ ಕೆಟ್ಟ ಇಂಡೆಕ್ಸಿನ ಪೇಜುಗಳಿಗೂ ಇರುತ್ತದೆ. ಚೆಕ್‌ಸಮ್ ಸರಿಯಿದೆಯೆಂಬ ಆಧಾರದ ಮೇಲೆ ಇಂಡೆಕ್ಸ್ ಸರಿಯಿದೆಯೆನ್ನುವುದು ಹಾಗಾಗಿ ಅವಸರದ ತೀರ್ಮಾನ.

ದುರಸ್ತಿ ಎಂದರೆ ರೀಇಂಡೆಕ್ಸ್ ಎಂಬ ಆದೇಶ. ಅದು ಹಳೆಯ ಇಂಡೆಕ್ಸಿನ ತಂಟೆಗೇ ಹೋಗದೆ ಟೇಬಲನ್ನು ಓದಿ, ವಿಂಗಡಿಸಿ, ಹೊಸ ಮರವನ್ನು ಕಟ್ಟುತ್ತದೆ; ಅಷ್ಟು ಹೊತ್ತು ಟೇಬಲಿಗೆ ಬರೆಯುವುದು ನಿಂತಿರುತ್ತದೆ, ಹೊಸ ಇಂಡೆಕ್ಸಿಗೆ ಬೇಕಾದಷ್ಟು ಖಾಲಿ ಜಾಗ ಡಿಸ್ಕಿನಲ್ಲಿ ಇರಬೇಕಾಗುತ್ತದೆ. ಬಳಕೆಗೆ ಅಡ್ಡಿಯಾಗದಂತೆ ಹಿನ್ನೆಲೆಯಲ್ಲಿ ಕಟ್ಟುವ ವಿಧಾನ 2019ರ 12ನೇ ಆವೃತ್ತಿಯಿಂದ ಲಭ್ಯವಿದೆ. ಈ ವಿಧಾನದಲ್ಲಿಯೇ ದೋಷವಿದ್ದು 14ನೇ ಆವೃತ್ತಿಯ ಮೊದಲ ಬಿಡುಗಡೆಗಳಲ್ಲಿ ಅದು ಕಟ್ಟಿದ ಇಂಡೆಕ್ಸುಗಳು ಸದ್ದಿಲ್ಲದೆ ಕೆಟ್ಟಿರಬಹುದಾಗಿತ್ತು ಎಂಬುದು 2022ರಲ್ಲಿ ತಿಳಿದುಬಂದು, ಆ ವರ್ಷದ ಜೂನಿನ 14.4ನೇ ಬಿಡುಗಡೆಯಲ್ಲಿ ಸರಿಪಡಿಸಲಾಯಿತು. ಮದ್ದೇ ರೋಗ ತಂದ ಈ ಪ್ರಸಂಗದಿಂದಾಗಿ, ದುರಸ್ತಿಗೆ ಮೊದಲು ಚಾಲ್ತಿಯಲ್ಲಿರುವ ಆವೃತ್ತಿಯ ಪರಿಷ್ಕರಣ ಟಿಪ್ಪಣಿಗಳನ್ನು ಓದುವುದು ಹಿರಿಯ ನಿರ್ವಾಹಕರಿಗೆ ಅಭ್ಯಾಸವಾಗಿದೆ. ಕೆಟ್ಟದ್ದು ಸಾಮಾನ್ಯ ಇಂಡೆಕ್ಸ್ ಆಗಿರದೆ, ಯಾವ ಟೇಬಲ್ ಎಲ್ಲಿದೆಯೆಂದು ಡೇಟಾಬೇಸ್ ತಾನೇ ಹುಡುಕಿಕೊಳ್ಳಲು ಬಳಸುವ ಒಳಪಟ್ಟಿಗಳ ಇಂಡೆಕ್ಸ್ ಆಗಿದ್ದರೆ ಸರ್ವರಿಗೆ ಸಂಪರ್ಕ ಪಡೆಯುವುದೇ ಸಾಧ್ಯವಾಗದೆ ಹೋಗಬಹುದು. ಆಗ ಒಳಪಟ್ಟಿಯ ಇಂಡೆಕ್ಸುಗಳನ್ನು ನಂಬದೆ ಪಟ್ಟಿಗಳನ್ನೇ ನೇರವಾಗಿ ಓದುವ ವಿಶೇಷ ಸ್ಥಿತಿಯಲ್ಲಿ ಸರ್ವರನ್ನು ಎಬ್ಬಿಸಿ, ಮೊದಲು ಅವುಗಳನ್ನು ಕಟ್ಟಿ, ಆಮೇಲೆ ಉಳಿದವುಗಳಿಗೆ ಹೋಗಬೇಕಾಗುತ್ತದೆ.

ರೀಇಂಡೆಕ್ಸ್ ನಡುವೆಯೇ ವಿಫಲವಾಗಿ, ನಕಲು ಸಾಲುಗಳಿರುವುದರಿಂದ ಇಂಡೆಕ್ಸ್ ಕಟ್ಟಲಾಗದು ಎಂಬ ಸಂದೇಶ ಬಂದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಇಂಡೆಕ್ಸ್ ಸುಳ್ಳು ಹೇಳುತ್ತಿದ್ದ ಅವಧಿಯಲ್ಲಿ ಒಂದೇ ಸಂಖ್ಯೆಯ ಎರಡು ಸಾಲುಗಳು ಟೇಬಲಿನೊಳಗೆ ಬಂದಿವೆ ಎಂಬುದಕ್ಕೆ ಅದು ಸಾಕ್ಷಿ. ಇಂಥ ಜೋಡಿಗಳನ್ನು ಹುಡುಕುವ ಪ್ರಶ್ನೆಗೆ ಉತ್ತರ ಹೇಳಲು ಡೇಟಾಬೇಸ್ ಅದೇ ಕೆಟ್ಟ ಇಂಡೆಕ್ಸನ್ನು ಬಳಸಿಕೊಳ್ಳಬಹುದಾದ್ದರಿಂದ, ಇಂಡೆಕ್ಸ್ ಬಳಕೆಯನ್ನು ಆ ಸಂಪರ್ಕದ ಮಟ್ಟಿಗೆ ಪೂರ್ತಿ ತಡೆದು ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ಜೋಡಿ ಸಿಕ್ಕಿದ ಮೇಲೆ ಯಾವ ಸಾಲನ್ನು ಉಳಿಸಬೇಕೆಂಬ ಪ್ರಶ್ನೆ ಏಳುತ್ತದೆ. ಎರಡೂ ಸಾಲುಗಳಲ್ಲಿ ಸಂಖ್ಯೆ ಒಂದೇ ಆಗಿರುವುದರಿಂದ ಅವನ್ನು ಬೇರ್ಪಡಿಸಿ ಗುರುತಿಸಲು ಕಡತದೊಳಗಿನ ಅವುಗಳ ಭೌತಿಕ ವಿಳಾಸವನ್ನೇ ಬಳಸಬೇಕಾಗುತ್ತದೆ. ಯಾವುದು ಮೊದಲು ಬಂದದ್ದೆಂಬ ಸುಳಿವನ್ನು ಪ್ರತಿ ಸಾಲಿನ ಜೊತೆಗಿರುವ ವಹಿವಾಟು ಸಂಖ್ಯೆಯಿಂದ ಊಹಿಸಬಹುದು. ಆದರೆ ನಂತರ ಬಂದದ್ದೇ ನಿಜವೆನ್ನಲಾಗದು, ಎರಡಕ್ಕೂ ಬೇರೆ ಟೇಬಲುಗಳ ಸಾಲುಗಳು ಅಂಟಿಕೊಂಡಿರಬಹುದು. ಇಲ್ಲಿಂದ ಮುಂದಿನ ತೀರ್ಮಾನ ಡೇಟಾಬೇಸ್ ನಿರ್ವಾಹಕರದಲ್ಲ, ಆ ದಾಖಲೆಯ ವ್ಯವಹಾರವನ್ನು ಬಲ್ಲವರದು.

ಇಂಡೆಕ್ಸ್ ಕೆಟ್ಟರೆ ಟೇಬಲಿನಿಂದ ಕಟ್ಟಬಹುದೆಂಬ ನಿಯಮ ಎಲ್ಲ ಡೇಟಾಬೇಸುಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಇನ್ನೋಡಿಬಿಯಲ್ಲಿ ಟೇಬಲಿನ ಸಾಲುಗಳು ಮುಖ್ಯ ಇಂಡೆಕ್ಸಿನ ಎಲೆಗಳಲ್ಲಿಯೇ ಇರುತ್ತವೆ; ಉಪ ಇಂಡೆಕ್ಸ್ ಕೆಟ್ಟರೆ ಅದನ್ನು ಕಿತ್ತು ಮತ್ತೆ ಕಟ್ಟಬಹುದು, ಮುಖ್ಯ ಇಂಡೆಕ್ಸ್ ಕೆಟ್ಟರೆ ಕೆಟ್ಟದ್ದು ಮಾಹಿತಿಯೇ. ಆಗ ಬಲವಂತದ ಚೇತರಿಕೆ ಎಂಬ 1ರಿಂದ 6ರವರೆಗಿನ ಹಂತಗಳಲ್ಲಿ ಸಾಧ್ಯವಾದಷ್ಟು ಕೆಳಗಿನದನ್ನು ಆರಿಸಿ ಸರ್ವರನ್ನು ಎಬ್ಬಿಸಿ, ಓದಲು ಸಿಕ್ಕಿದ್ದನ್ನೆಲ್ಲ ಹೊರತೆಗೆಯುತ್ತಾರೆ. 4 ಮತ್ತು ಅದರ ಮೇಲಿನ ಹಂತಗಳು ಕಡತಗಳನ್ನೇ ಶಾಶ್ವತವಾಗಿ ಕೆಡಿಸಬಲ್ಲವೆಂದು ಮೈಎಸ್‌ಕ್ಯುಎಲ್ ಕೈಪಿಡಿ ಎಚ್ಚರಿಸುತ್ತದೆ. ಬಹುತೇಕ ಪ್ರತಿಯೊಂದು ಮೊಬೈಲಿನೊಳಗೂ ಇರುವ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಇಂಟೆಗ್ರಿಟಿ ಚೆಕ್ ಎಂಬ ಆದೇಶ ಟೇಬಲು ಮತ್ತು ಇಂಡೆಕ್ಸುಗಳನ್ನು ತಾಳೆ ನೋಡುತ್ತದೆ. ಅದರ ಅವಸರದ ತಮ್ಮನಾದ ಕ್ವಿಕ್ ಚೆಕ್ ಈ ತಾಳೆಯನ್ನು ಕೈಬಿಡುತ್ತದೆ ಎಂಬುದು ತಿಳಿಯದೆ ಅದನ್ನೇ ನೆಚ್ಚಿಕೊಂಡವರಿದ್ದಾರೆ.

ದುರಸ್ತಿ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸುವುದು, ಮುಖ್ಯ ಸರ್ವರಿನ ನೆರಳಿನಂತೆ ನಡೆಯುವ ಜೋಡಿ ಸರ್ವರಿನಲ್ಲಿಯೂ ನಡೆಸುವುದು ಉಳಿದಿರುತ್ತದೆ. ಜೋಡಿ ಸರ್ವರಿನ ಇಂಡೆಕ್ಸ್ ಮೊದಲಿನಿಂದಲೂ ಸರಿಯಿತ್ತೆಂದು ಉಳಿಸಿಟ್ಟ ದಾಖಲೆಗಳಿಂದ ತಿಳಿದರೆ ಮುಖ್ಯ ಸರ್ವರಿನ ಡಿಸ್ಕಿನ ಮೇಲೆ ಅನುಮಾನ ಬಲವಾಗುತ್ತದೆ; ಎರಡೂ ಕಡೆ ಒಂದೇ ಜಾಗದಲ್ಲಿ ಒಂದೇ ರೀತಿ ಕೆಟ್ಟಿದ್ದರೆ ತಪ್ಪು ಲಾಗಿನ ಮೂಲಕವೇ ಹರಿದು ಬಂದಿದೆ, ಅಂದರೆ ಹುಡುಕಬೇಕಾದದ್ದು ತಂತ್ರಾಂಶದಲ್ಲಿ ಎಂಬ ಸೂಚನೆ ಸಿಗುತ್ತದೆ. ಟೇಬಲುಗಳು ಪೂರ್ತಿ ಓದಲು ಬರುತ್ತವೆಯೇ ಎಂದು ನೋಡಲು ಪಿಜಿ-ಡಂಪ್ ಎಂಬ ಬ್ಯಾಕಪ್ ಉಪಕರಣದಿಂದ ಎಲ್ಲ ಮಾಹಿತಿಯನ್ನೂ ಹೊರತೆಗೆದು ನೋಡುವ ಪದ್ಧತಿಯಿದೆ. ಅದು ಟೇಬಲುಗಳನ್ನು ನೇರವಾಗಿ ಓದುವುದರಿಂದ ಅದರ ಯಶಸ್ಸು ಬಳಕೆದಾರರ ಇಂಡೆಕ್ಸುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದರೆ ಆ ಬ್ಯಾಕಪನ್ನು ಹೊಸ ಸರ್ವರಿಗೆ ತುಂಬಿದಾಗ ಪ್ರತಿಯೊಂದು ಇಂಡೆಕ್ಸೂ ಹೊಸದಾಗಿ ಕಟ್ಟಲ್ಪಡುವುದರಿಂದ ಟೇಬಲಿನೊಳಗೆ ಅವಿತಿದ್ದ ನಕಲು ಸಾಲುಗಳೂ ತಂದೆತಾಯಿಲ್ಲದ ಸಾಲುಗಳೂ ಅಲ್ಲಿ ಬಯಲಾಗುತ್ತವೆ. ಮೊದಲು ಮಾಡಿಟ್ಟ ಕೆಟ್ಟ ಕಡತಗಳ ನಕಲನ್ನು, ಡಿಸ್ಕು, ಮೆಮರಿ, ಆವೃತ್ತಿ, ನಿಯಮಪಟ್ಟಿ ಇವುಗಳಲ್ಲಿ ತಪ್ಪು ಯಾವುದರದೆಂದು ಇತ್ಯರ್ಥವಾಗುವವರೆಗೆ ಅಳಿಸುವಂತಿಲ್ಲ.